ಮಗ್ಗವಿಲ್ಲದ ಕಾಡಿನಲ್ಲಿ ಗೊಣಗಿದ್ದು

ಸಂಸಾರ ಸುಖವಾಗಿ ಸಾಗಬೇಕಾದರೆ ಮನೆಯಲ್ಲಿ ಶಾಂತಿ ಇರಬೇಕು ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ನನ್ನ ಅನುಭವದಲ್ಲಿ ಸಂಸಾರಕ್ಕೆ ಬೇಕಾದದ್ದು ಗದ್ದಲ. ಅದೂ ಅಂಥಿಂಥ ಗದ್ದಲವಲ್ಲ, ಎದುರಿಗೆ ನಿಂತವರ ಮಾತು ಕಿವಿಗೆ ಬೀಳದಷ್ಟು, ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ನಡೆಯುವ ಗದ್ದಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ನಮ್ಮದು ನೇಕಾರರ ಮನೆ. ಮುಂದೆ ಪಾವರ್‌ಲೂಮ್ ಮಗ್ಗಗಳು, ಹಿಂದೆ ಅಡುಗೆಮನೆ, ನಡುವೆ ಕದವಿಲ್ಲದ ಬಾಗಿಲಿರುವ ಒಂದು ಗೋಡೆ. ಮಗ್ಗ ಖಟಕ್ ಖಟಕ್ ಎಂದು ಶುರುವಾಯಿತೆಂದರೆ ಮನೆಯ ಮಾತೆಲ್ಲ ಒಂದೋ ಕೂಗಾಟ, ಇಲ್ಲವೇ ಕೈಸನ್ನೆ. ಹೆಬ್ಬೆರಳು ಬಾಯಿಗೆ ಬಂದರೆ ಚಹಾ, ಅಂಗೈ ಹೊಟ್ಟೆಯ ಮೇಲೆ ಬಂದರೆ ಊಟ, ಎರಡೂ ಕೈ ಸೊಂಟದ ಮೇಲೆ ಬಂದರೆ ನಾನು ಏನೋ ಮರೆತಿದ್ದೇನೆ ಎಂದು ಅರ್ಥ.

ಈ ಗದ್ದಲದ ಆಸರೆಯಲ್ಲಿ ನಾನೊಂದು ವಿದ್ಯೆ ಬೆಳೆಸಿಕೊಂಡು ಬಂದಿದ್ದೆ. ಅದು ಗೊಣಗುವ ವಿದ್ಯೆ. ನನ್ನ ಹೆಂಡತಿ ಮಹಾದೇವಿ ಗೋಡೆಯ ಪಕ್ಕ ನಿಂತು, "ರೀ, ಸಂಜೀಕ ನಮ್ಮಣ್ಣ ಬರತಾನ, ಸಂತಿಗೆ ಹೋಗಿ ಎಳೀ ಬದನಿಕಾಯಿ ತರ್ರಿ" ಎಂದು ಕೂಗುತ್ತಾಳೆ. ನಾನು ಅಷ್ಟೇ ಜೋರಾಗಿ "ಹೂಂ, ಆತು" ಎನ್ನುತ್ತೇನೆ. ಆಮೇಲೆ ಎಳೆ ಜೋಡಿಸುವ ನೆಪದಲ್ಲಿ ತಲೆ ತುಸು ಬಗ್ಗಿಸಿ, "ನಿಮ್ಮಣ್ಣಗ ಬದನಿಕಾಯಿ ರಬಕವ್ಯಾಗ ಸಿಗೂದಿಲ್ಲೇನು? ಹೋದ ಸಲ ಬಂದಾವ ಎಣಗಾಯಿ ಜೋಡಿ ಬುಟ್ಟಿ ರೊಟ್ಟಿನೂ ಖಾಲಿ ಮಾಡಿ ಹೋಗ್ಯಾನ" ಎಂದು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತೇನೆ. ಆಕೆಗೆ ನನ್ನ 'ಹೂಂ' ಸಿಕ್ಕಿತು, ನನಗೆ ನನ್ನ ಸಮಾಧಾನ ಸಿಕ್ಕಿತು, ಬದನೆಕಾಯಿಯೂ ಮನೆಗೆ ಬಂತು. ಜಗಳ ಎಲ್ಲಿಂದ ಬರಬೇಕು?

ಈ ವಿದ್ಯೆಗೆ ಇರುವ ಶತ್ರು ಒಂದೇ, ಕರೆಂಟು. ಅದು ಹೋದೊಡನೆ ಇಡೀ ಓಣಿ ಒಮ್ಮೆಲೇ ತಣ್ಣಗಾಗುತ್ತದೆ, ಯಾರ ಯಾರ ಬಾಯಲ್ಲಿ ಯಾವ ಮಾತು ಅರ್ಧಕ್ಕಿತ್ತೋ ಅದು ಬಯಲಿಗೆ ಬೀಳುತ್ತದೆ. ನಮ್ಮ ಎದುರು ಮನೆಯವನು ಒಮ್ಮೆ ತನ್ನ ಅತ್ತೆ ಯಾವಾಗ ಊರಿಗೆ ಹೋಗುತ್ತಾಳೋ ಎಂದು ದೇವರನ್ನು ಕೇಳುತ್ತಿದ್ದಾಗಲೇ ಕರೆಂಟು ಹೋಗಿ, ಅತ್ತೆ ಅಂದೇ ಹೋದರು. ಹೆಂಡತಿಯೂ ಅವರ ಜೊತೆಗೇ ಹೋದಳು. ನಾನು ಮಾತ್ರ ಹುಷಾರು. ಕರೆಂಟು ಹೋದ ಮೇಲೂ ಮಗ್ಗ ಒಂದೆರಡು ಹೊಡೆತ ಹೊಡೆದೇ ನಿಲ್ಲುತ್ತದೆ, ಅಷ್ಟರೊಳಗೆ ಬಾಯಿ ಮುಚ್ಚುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಇಂಥ ಸುಖ ಸಂಸಾರಕ್ಕೆ ಕುತ್ತು ತಂದದ್ದು ಶ್ರೀಶೈಲದ ಪಾದಯಾತ್ರೆ. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಜನ ಗುಂಪು ಗುಂಪಾಗಿ ಮಲ್ಲಯ್ಯನ ಗುಡ್ಡಕ್ಕೆ ನಡೆದು ಹೊರಡುತ್ತಾರೆ. ಬಿಸಿಲಿನಲ್ಲಿ ವಾರಗಟ್ಟಲೆ ನಡಿಗೆ, ಕಡೆಗೆ ದಟ್ಟ ಕಾಡು. ಮಹಾದೇವಿ ಮದುವೆಯಾದ ವರ್ಷದಿಂದಲೂ ಹೋಗೋಣವೆಂದು ಕೇಳುತ್ತಲೇ ಇದ್ದಳು. ನಾನು ಒಂದು ವರ್ಷ ಮಗ್ಗದ ಕೆಲಸ, ಇನ್ನೊಂದು ವರ್ಷ ಮಳೆ ಬರುವ ಲಕ್ಷಣ (ಬೇಸಿಗೆಯಲ್ಲಿ!), ಮತ್ತೊಂದು ವರ್ಷ ಮೊಣಕಾಲು ಎಂದು ದಾಟಿಸುತ್ತ ಬಂದಿದ್ದೆ. ಈ ವರ್ಷ ಮಗ ಸಂಗಮೇಶ, "ಅಪ್ಪಾ, ಮಗ್ಗ ನಾ ನೋಡಕೋತೇನಿ, ನೀವು ಹೋಗಿ ಬರ್ರಿ" ಎಂದುಬಿಟ್ಟ. ಮಕ್ಕಳು ದೊಡ್ಡವರಾದರೆ ತಂದೆಗೆ ಹೀಗೂ ತೊಂದರೆಯಾಗುತ್ತದೆ.

ನಾನು ಕಡೆಯ ಅಸ್ತ್ರ ತೆಗೆದೆ. "ನೀ ನಿಮ್ಮ ತವರು ಮನ್ಯಾವ್ರ ಜೋಡಿ ಹೋಗಿ ಬಾರಲ್ಲ" ಎಂದೆ.

"ಒಬ್ಬಾಕೀನ ಹೋಗೂದಾಗಿದ್ರ ಎಂದೋ ಹೋಗಿ ಬರತಿದ್ನಿ" ಎಂದಳು. "ಇಬ್ರೂ ಕೂಡೇ ನಡಕೋತ ಬರತೇವಿ ಅಂತ ಬೇಡಕೊಂಡೇನ್ರಿ, ಲಗ್ನ ಆದ ವರ್ಷಾನ. ನೀವು ಅರ್ಧಾ ಹಾದ್ಯಾಗ ಕುಂತ್ರ ನಾನೂ ಅಲ್ಲೇ ಕುಂದರಾಕಿ. ಆದ್ರ ಮಲ್ಲಯ್ಯಗ ಮಾರಿ ಹೆಂಗ ತೋರಸಲಿ?"

ಹೇಳುವಾಗ ಆಕೆಯ ಕಣ್ಣು ತುಂಬಿದ್ದವು. ಅಷ್ಟು ವರ್ಷದ ಹರಕೆ ನನ್ನ ಎರಡು ಮೊಣಕಾಲುಗಳ ಮೇಲೆ ನಿಂತಿದೆ ಎಂದು ಅಂದೇ ನನಗೆ ತಿಳಿದದ್ದು. ಮನಸ್ಸು ಕರಗಿತು, ಒಪ್ಪಿದೆ. ಆದರೆ ಕರಗಿದ ಮನಸ್ಸಿನಲ್ಲೂ ಬುದ್ಧಿ ಒಂದು ಮೂಲೆಯಲ್ಲಿ ಎಚ್ಚರವಾಗಿಯೇ ಇತ್ತು. "ಒಂದು ಕರಾರು" ಎಂದೆ. "ಇಬ್ರಾಗ ಯಾರಿಗೆ ಆಗಂಗಿಲ್ಲೋ ಅವ್ರು ಬಾಯಿ ಬಿಟ್ಟು ಹೇಳಬೇಕು. ಹೇಳಿದ ಮ್ಯಾಲೆ ಇಬ್ರೂ ಬಸ್ ಹತ್ತೂದು, ಮಲ್ಲಯ್ಯಾನೂ ಏನೂ ಅನ್ನೂದಿಲ್ಲ." ಆಕೆ ಒಪ್ಪಿದಳು. ಜಮಖಂಡಿ ದಾಟುವುದರೊಳಗೆ ಆಕೆಯೇ ಹೇಳುತ್ತಾಳೆಂಬುದು ನನ್ನ ಲೆಕ್ಕ.

ನಮ್ಮ ಓಣಿಯ ತಂಡದ ಜೊತೆ ಹೊರಡುವ ಮೊದಲು ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ಯಾವುದೋ ದೇಶದ ಗಂಡಹೆಂಡಿರು ಬೆನ್ನ ಮೇಲೆ ಮನೆಯಷ್ಟು ದೊಡ್ಡ ಚೀಲ ಹೊತ್ತು ಹಿಮದ ಬೆಟ್ಟದಲ್ಲಿ ತಿಂಗಳುಗಟ್ಟಲೆ ನಡೆಯುತ್ತಾರೆ, ನಡುನಡುವೆ ನಿಂತು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಆ ನಗು ನಮಗೆ ಹೊಂದುವುದಿಲ್ಲ, ಚೀಲ ಮಾತ್ರ ಹೊಂದೀತು ಎನ್ನಿಸಿತು. ಗುಡ್ಡ ಹತ್ತುವ ಹುಚ್ಚಿರುವ ನನ್ನ ಅಕ್ಕನ ಮಗನ ಹತ್ತಿರ ಅಂಥದೊಂದು ಚೀಲ ಇಸಿದುಕೊಂಡೆ. ಅದಕ್ಕಿದ್ದ ಪಟ್ಟಿಗಳನ್ನು ಕಟ್ಟಿಕೊಳ್ಳುವುದರಲ್ಲಿ ನನ್ನ ಒಂದು ಬೆಳಗು ಹೋಯಿತು. ಅದರೊಳಗೆ ಮಹಾದೇವಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಅವಲಕ್ಕಿ ಎಲ್ಲ ತುಂಬಿದಳು. ವಿಡಿಯೋದವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನೂ ಭಾರವೆಂದು ಕತ್ತರಿಸಿ ಒಯ್ಯುತ್ತಾರಂತೆ ಎಂದೆ. "ಅವ್ರು ರೊಟ್ಟಿ ತಿನ್ನೂದಿಲ್ರಿ, ಅದಕ್ಕ ಹಲ್ಲಿನ ಚಿಂತಿ ಇಲ್ಲ" ಎಂದಳು.

ತಮಾಷೆಯೆಂದರೆ ಆ ಬುತ್ತಿಗೆ ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ. ದಾರಿಯುದ್ದಕ್ಕೂ ಊರೂರಿನವರು ಪೆಂಡಾಲು ಹಾಕಿ ಯಾತ್ರಿಕರನ್ನು ಕೈಹಿಡಿದು ಕೂರಿಸಿ ಉಣ್ಣಿಸುತ್ತಾರೆ. ಇಲ್ಲಿ ಹುಗ್ಗಿ, ಅಲ್ಲಿ ಜುಣಕ, ಮುಂದೆ ಮಜ್ಜಿಗೆ, ಇನ್ನೂ ಮುಂದೆ ಕಲ್ಲಂಗಡಿ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ. ನಾನು ಯಾರಿಗೂ ಬೇಸರ ಮಾಡಲಿಲ್ಲ. ಹೀಗಾಗಿ ಬೆನ್ನ ಮೇಲಿನ ಭಾರ ಇಳಿಯಲಿಲ್ಲ, ಹೊಟ್ಟೆಯ ಭಾರ ಏರುತ್ತ ಹೋಯಿತು.

ಜಮಖಂಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಓಡಾಡುತ್ತಿದ್ದವು. ನಾವು ಮಗ್ಗದ ಮನೆಯವರು, ಟ್ರ್ಯಾಕ್ಟರು ಇರಲಿ ಬಿಡಲಿ, ನಮ್ಮ ಮಾತಿನ ದನಿ ಒಂದೇ. ಬೀಳಗಿ ಹತ್ತಿರ ಒಂದು ಪೆಂಡಾಲಿನಲ್ಲಿ ಊಟಕ್ಕೆ ಕುಳಿತಾಗ ಮಹಾದೇವಿ, "ಪಲ್ಲೆಕ್ಕ ಉಪ್ಪ ಐತೇನ್ರೀ?" ಎಂದು ಕೇಳಿದಳು. "ಐತಿ! ಛಲೋ ಐತಿ!" ಎಂದೆ. "ಮತ್ತ ನನಗ ಯಾಕ ಸಪ್ಪಗ ಹತ್ತಾಕತ್ತೈತಿ?" "ಇನ್ನೊಂದೀಟು ಹಾಕ್ಕೋ ಬೇಕಾದ್ರ!" ಅಷ್ಟೇ. ಬಡಿಸುತ್ತಿದ್ದ ಮುದುಕಿಯೊಬ್ಬಳು ಸೌಟು ಕೆಳಗಿಟ್ಟು ಓಡಿ ಬಂದು ನಮ್ಮಿಬ್ಬರ ನಡುವೆ ಕುಳಿತಳು. "ಯಪ್ಪಾ, ಯವ್ವಾ, ದೇವರ ಹಾದ್ಯಾಗ ಹಿಂಗ ಬಡದಾಡಬ್ಯಾಡ್ರಿ. ಏನಿದ್ರೂ ಮನೀಗಿ ಹ್ವಾದ ಮ್ಯಾಲೆ ನೋಡಕೋರಿ" ಎಂದು ಇಬ್ಬರ ತಲೆಯನ್ನೂ ಸವರಿದಳು. ನಾವು ಜಗಳವಾಡುತ್ತಿಲ್ಲ ಎಂದು ಆಕೆಗೆ ತಿಳಿಸಿ ಹೇಳಲು ಹೋಗಿ ಇನ್ನಷ್ಟು ದನಿ ಏರಿತು. ಕಡೆಗೆ ಆಕೆಯ ಸಮಾಧಾನಕ್ಕಾಗಿ ಮಹಾದೇವಿ ನನ್ನ ಬಾಯಿಗೆ ಒಂದು ತುತ್ತು ಹುಗ್ಗಿ ಇಡಬೇಕಾಯಿತು. ಮದುವೆಯ ದಿನ ಇಟ್ಟದ್ದನ್ನು ಬಿಟ್ಟರೆ ಅದೇ ಎರಡನೆಯ ಸಲ. ನಾಚಿಕೆಯಾದರೂ ರುಚಿಯಾಗಿತ್ತು.

ನಡೆಯುವುದರಲ್ಲಿ ನಮ್ಮದೊಂದು ಪದ್ಧತಿ ಇದೆ. ಗಂಡ ಮುಂದೆ, ಹೆಂಡತಿ ಹಿಂದೆ. ಬಸ್‌ಸ್ಟ್ಯಾಂಡಿಗೆ ಹೋಗುವಾಗಲೂ ಹಾಗೇ, ಬೀಗರ ಮನೆಗೆ ಹೋಗುವಾಗಲೂ ಹಾಗೇ. ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ನನ್ನಪ್ಪ ಮುಂದೆ ನಡೆದ, ನಾನೂ ಮುಂದೆ ನಡೆದೆ. ಅನಗವಾಡಿಯ ಸೇತುವೆಯ ಮೇಲೆ, ಎರಡೂ ಕಡೆ ಹಿನ್ನೀರು ಹೊಳೆಯುತ್ತಿದ್ದಾಗ, ಹಿಂದಿನಿಂದ ಆಕೆ ಏನೋ ಕೂಗಿದಳು. ಲಾರಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ತಿರುಗದೆಯೇ "ಹೂಂ, ಆತು" ಎಂದು ಮುಂದೆ ನಡೆದೆ. ಆಮೇಲೆ ನನ್ನ ಪಾಡಿಗೆ ನಾನು ಗೊಣಗುತ್ತ, ಹೆದ್ದಾರಿಯ ಗದ್ದಲದಲ್ಲಿ ಮನೆಯಲ್ಲಿದ್ದಷ್ಟೇ ಆರಾಮವಾಗಿದ್ದೆ.

ಜಮಖಂಡಿ ದಾಟಿತು, ಬೀಳಗಿ ದಾಟಿತು, ಜಿಲ್ಲೆ ದಾಟಿತು. ಕನ್ನಡ ಮುಗಿದು ತೆಲುಗು ಶುರುವಾಯಿತು. ಆಕೆ ಹೇಳಬೇಕಾದ ಮಾತು ಹೇಳಲಿಲ್ಲ. ನನ್ನ ಮೊಣಕಾಲುಗಳಂತೂ ಬೀಳಗಿಯಿಂದಲೇ ಹೇಳಲು ಶುರು ಮಾಡಿದ್ದವು. ಆದರೆ ಕರಾರು ಹಾಕಿದವನೇ ಮೊದಲು ಸೋತರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಹೀಗೆ ಕುಂಟುತ್ತ ಕಾಡಿಗೆ ಮೊದಲಿನ ಕಡೆಯ ಊರಿಗೆ ಬಂದೆವು. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಶ್ರೀಶೈಲದ ಬಸ್ಸೊಂದು ಬಾಗಿಲು ತೆರೆದುಕೊಂಡು ನಿಂತಿತ್ತು. ಅಷ್ಟು ಚಂದದ ಬಸ್ಸನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ನಾನು ಆಕೆಗೆ ಕಾಣುವ ಹಾಗೆ ಎದುರು ಬೆಂಚಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಂಡೆ. ಆಕೆ ನೋಡಿದಳು. ತಾನೂ ತನ್ನ ಬೆಂಚಿನ ಮೇಲೆ ಕುಳಿತು ಪಾದ ತಿಕ್ಕಿಕೊಂಡಳು. ನಾನು ನಿಟ್ಟುಸಿರು ಬಿಟ್ಟೆ, ಆಕೆಯೂ ಬಿಟ್ಟಳು. ಇನ್ನೇನು ಹೇಳಿಯೇಬಿಡುತ್ತಾಳೆ ಎನ್ನಿಸಿತು. ಬಸ್ಸಿನ ಇಂಜಿನ್ ಗುರ್ರೆನ್ನುತ್ತಿತ್ತು. ಆ ಸದ್ದಿನ ಧೈರ್ಯದಲ್ಲಿ, "ಹೇಳವ್ವಾ ತಾಯಿ, ಕಾಲು ನೋಯಾಕತ್ತಾವು ಅಂತ ಒಂದ್ ಮಾತು ಹೇಳು, ನಿನಗ ಪುಣ್ಯಾ ಬರತೈತಿ" ಎಂದು ಗೊಣಗಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದವಳು ಸಟ್ಟನೆ ಎದ್ದು ಸೆರಗು ಸಿಕ್ಕಿಸಿಕೊಂಡಳು. "ನಡೀರಿ, ಬಿಸಿಲು ಏರೂದ್ರಾಗ ಕಾಡು ಹೊಗೂಣು" ಎಂದಳು. ಬಸ್ಸು ನಮ್ಮ ಕಣ್ಣೆದುರಿಗೇ ಧೂಳೆಬ್ಬಿಸಿಕೊಂಡು ಹೋಯಿತು.

ಕಾಡು ಹೊಕ್ಕೆವು. ಕಲ್ಲಿನ ಕಾಲುದಾರಿ, ಎರಡೂ ಕಡೆ ಎಲೆ ಉದುರಿಸಿದ ಮರಗಳು, ಬಿದಿರು. ನಮ್ಮ ಓಣಿಯ ತಂಡದವರು "ಮಲ್ಲಯ್ಯಾ" ಎನ್ನುತ್ತ ಮುಂದೆ ಮುಂದೆ ಹೋಗಿ, ಅವರ ದನಿ ಸಣ್ಣದಾಗುತ್ತ ಕಡೆಗೆ ನಿಂತೇಹೋಯಿತು. ನಾವಿಬ್ಬರೇ ಉಳಿದೆವು, ಪದ್ಧತಿಯ ಪ್ರಕಾರ ನಾನು ಮುಂದೆ, ಆಕೆ ಹಿಂದೆ. ಒಣಗಿದ ಎಲೆ ತುಳಿದ ಸದ್ದು ಬಿಟ್ಟರೆ ಏನೂ ಇಲ್ಲ. ಅದು ಎಂಥ ಮೌನ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿದವರ ಕಿವಿಯೊಳಗೆ, ಮಗ್ಗ ನಿಂತರೂ ಅದು ಗುಂಯ್ ಎನ್ನುತ್ತಲೇ ಇರುತ್ತದೆ. ನಾನು ಎಂದಿನಂತೆ ಶುರು ಮಾಡಿದೆ. ಬಹಳ ಹೊತ್ತು ಏನೇನೋ ಗೊಣಗಿ ಕಡೆಗೆ ಬಸ್ಸಿನ ವಿಷಯಕ್ಕೆ ಬಂದೆ.

"ಈಕಿವೇನು ಕಾಲೋ ಕಬ್ಬಿಣದ ರಾಡೋ. ಬಸ್ಸಿನ್ಯಾಗ ಖಿಡಕಿ ಕಡೆ ಸೀಟು ಖಾಲಿ ಇತ್ತು. ಗಾಳಿ ತಗೋಂತ ಆರಾಮ ಕುಂತು ಹೋಗಬಹುದಿತ್ತು. ಒಂದ್ ಮಾತು ಹೇಳಿದ್ರ ಈಕೀದೇನು ಗಂಟು ಹೋಗತಿತ್ತು..."

"ಎರಡು ಖಾಲಿ ಇದ್ವು" ಎಂದಿತು ಹಿಂದಿನಿಂದ ಒಂದು ದನಿ. "ನಾನೂ ನೋಡೇನಿ."

ನನ್ನ ಕಾಲು ನೆಲಕ್ಕೆ ಅಂಟಿಕೊಂಡವು. ಕಾಡು ಹೊಕ್ಕಾಗಿನಿಂದ ಏನೇನು ಗೊಣಗಿದ್ದೆನೆಂದು ನೆನಪು ಮಾಡಿಕೊಂಡೆ. ಆಕೆಯ ಬುತ್ತಿಯ ಬಗ್ಗೆ, ಆಕೆಯ ಅಣ್ಣನ ಬಗ್ಗೆ, ಹೆಂಗಸರ ಹಟದ ಬಗ್ಗೆ ಒಂದು ಸಣ್ಣ ಭಾಷಣ. ಮೆಲ್ಲಗೆ ತಿರುಗಿ, "ಕೇಳಿಸಿತೇನು?" ಎಂದೆ.

"ಇಲ್ಲೆಲ್ಲಿ ಮಗ್ಗ ನಡದೈತ್ರಿ, ಕೇಳಿಸದಂಗ ಇರಾಕ?"

"ಅಲ್ಲಾ, ಅದು ಕಾಲಿನ ಬ್ಯಾನಿಗೆ ಏನೋ ಬಾಯಿಗೆ ಬಂದದ್ದು ಅಂದ್ನಿ. ಇವತ್ತೊಂದಿನ..."

"ಇವತ್ತೊಂದಿನಾ?" ಮಹಾದೇವಿ ಒಂದು ಬಂಡೆಯ ಮೇಲೆ ಕುಳಿತು ನಗತೊಡಗಿದಳು. "ನಾ ರಬಕವಿ ಮಗ್ಗದ ಮನಿ ಮಗಳ್ರಿ. ತುಟಿ ಅಳ್ಳಾಡಿದ್ರ ಸಾಕು, ಏನಂದ್ರು ಅಂತ ತಿಳಿತೈತಿ. ಲಗ್ನ ಆಗಿ ಬಂದ ಮರುದಿನಾನ ನೀವು ನಮ್ಮಪ್ಪಗ ಜೀನ, ಕೈ ಬಿಚ್ಚೂದಿಲ್ಲ ಅಂದಿದ್ರಿ."

ನಾನೂ ಮಗ್ಗದ ಮನೆಯ ಮಗನೇ. ಆ ತುದಿಯ ಮಗ್ಗ ನಡೆಸುವ ನಮ್ಮ ಆಳು ಈರಪ್ಪ ನನ್ನನ್ನು ಬೈದರೆ ಈ ತುದಿಯಲ್ಲಿ ಕುಳಿತೇ ಅವನ ತುಟಿ ನೋಡಿ ಅಕ್ಷರ ಅಕ್ಷರ ಹಿಡಿಯುತ್ತೇನೆ, ಹಾಗೆಂದು ಜಂಬವನ್ನೂ ಕೊಚ್ಚಿಕೊಂಡಿದ್ದೇನೆ. ಅದೇ ವಿದ್ಯೆ ನನ್ನ ಹೆಂಡತಿಗೂ ಇದ್ದೀತೆಂದು ಇಷ್ಟು ವರ್ಷಗಳಲ್ಲಿ ಒಂದು ದಿನವೂ ನನ್ನ ತಲೆಗೆ ಹೋಗಿರಲಿಲ್ಲ. ತಲೆ ಬಗ್ಗಿಸಿ ಗೊಣಗುತ್ತಿದ್ದೆನಲ್ಲ ಎಂದರೆ, ಆಕೆ ಕಂಡಿಕೆಗೆ ನೂಲು ಸುತ್ತಲು ನೆಲದ ಮೇಲೆ ಕೂರುತ್ತಿದ್ದಳು. ಬಗ್ಗಿಸಿದಷ್ಟೂ ಆಕೆಗೆ ಚೆನ್ನಾಗಿ ಕಾಣುತ್ತಿತ್ತು.

"ಎಲ್ಲಾ ತಿಳದೂ ಇಷ್ಟ ವರ್ಷ ಸುಮ್ನ ಯಾಕ ಇದ್ದಿ?" ಎಂದೆ.

"ನಮ್ಮಪ್ಪನ ವಿಷಯ ಖರೇನ ಇತ್ತು, ಅದಕ್ಕ ಸುಮ್ನಿದ್ನಿ. ಉಳದದ್ದು, ಒಳಗ ಇಟಗೊಂಡ್ರ ನಿಮಗ ಹೊಟ್ಟಿ ಉಬ್ಬರಸತೈತಿ, ಹೊರಗ ಹೋಗ್ಲಿ ಅಂತ ಬಿಟ್ನಿ." ಆಮೇಲೆ ನಗು ನಿಲ್ಲಿಸಿ, "ಈ ಹಾದಿ ತುಂಬ ನೀವು ಮುಂದ ಮುಂದ ನಡದ್ರಿ. ಮಾರೀನ ಕಾಣವಲ್ದು. ಏನ್ ಗೊಣಗಾಕತ್ತಾರೋ ಏನೋ ಅಂತ ಬ್ಯಾಸರ ಆಗಿತ್ತು ನನಗ. ಈ ಕಾಡು ಹೊಕ್ಕ ಮ್ಯಾಲೆ ಜೀವಾ ಹಗರ ಆತು ನೋಡ್ರಿ" ಎಂದಳು.

ಬೈಸಿಕೊಳ್ಳುವುದಕ್ಕೂ ಇಷ್ಟು ಆಸೆಪಡುವವರು ಇರುತ್ತಾರೆಯೇ ಎಂದುಕೊಂಡೆ. ಅದೇ ಹೊತ್ತಿಗೆ ನನ್ನ ಬಾಯಿಂದ ಸತ್ಯವೂ ಹೊರಬಿತ್ತು. "ನನ್ನ ಕೈಲೆ ಆಗಂಗಿಲ್ಲ!" ಎಂದೆ. ಮನೆಯ ರೂಢಿಯ ದನಿಯಲ್ಲೇ ಎಂದೆನಾದ್ದರಿಂದ ಮರದ ಮೇಲಿನ ಹಕ್ಕಿಗಳು ಎದ್ದು ಹಾರಿದವು. ಮುಂದೆ ಹೋಗಿದ್ದ ನಮ್ಮ ತಂಡದವರು, ಯಾರಿಗೋ ಏನೋ ಆಯಿತೆಂದು ಕೋಲು ಹಿಡಿದು ಓಡಿ ಬಂದರು. ಅವರಿಗೆಲ್ಲ ಆಕೆಯೇ, "ಏನಿಲ್ರಿ, ನಮ್ಮನ್ಯಾವ್ರು ಮಾತಾಡಾಕತ್ತಾರ" ಎಂದು ಹೇಳಿ ಕಳಿಸಿದಳು.

"ಬಾಯಿ ಬಿಟ್ಟು ಹೇಳಿದ್ರಿ, ಕರಾರಿನಂಗ ಆತು" ಎಂದಳು ಆಮೇಲೆ. "ಬಸ್ ಹತ್ತೂಣು. ಎಲ್ಲೈತಿ ತೋರಸ್ರಿ."

ಸುತ್ತ ನೋಡಿದೆ. ಬಿದಿರು ಬಿಟ್ಟರೆ ಏನೂ ಕಾಣಲಿಲ್ಲ. ಆಗ ನನಗೆ ಬಸ್‌ಸ್ಟ್ಯಾಂಡಿನ ಬೆಂಚು ನೆನಪಾಯಿತು. "ಅಲ್ಲೆ ನನ್ನ ತುಟಿ ನೋಡಿದ್ಯಲ್ಲಾ ನೀನು?"

"ನೋಡಿನೇ ಎದ್ನ್ಯಲ್ಲಾ. ಇನ್ನೊಂದ್ ಗಳಿಗಿ ಕುಂತಿದ್ರ ನೀವು ಹೇಳಿ ಬಿಡತಿದ್ರಿ" ಎಂದು ಪಾದಕ್ಕೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿದಳು. ಹಿಮ್ಮಡಿಯ ತುಂಬ ಬೊಬ್ಬೆಗಳೆದ್ದು ಒಡೆದಿದ್ದವು. "ಇವು ಜಮಖಂಡ್ಯಾಗನ ಎದ್ದಾವು. ಅನಗವಾಡಿ ಸೇತುವಿ ಮ್ಯಾಲೆ ಒಂದೀಟು ನಿಂದರ್ರಿ ಅಂತ ಕೂಗಿದ್ನಿ. ಹೂಂ, ಆತು ಅಂದು ಹೋಗೇ ಬಿಟ್ರಿ."

ಅಷ್ಟು ದೂರ ಆಕೆಯ ಮುಂದೆ ನಡೆದೆ, ಹಿಂದೆ ಬರುವವಳ ಕಾಲು ನೋಡಲಿಲ್ಲ ಎಂದು ಸಂಕಟವಾಯಿತು. ಚೀಲದಲ್ಲಿದ್ದ ನನ್ನ ಹೊಸ ಟವೆಲ್ಲನ್ನು ಹರಿದು ಆಕೆಯ ಪಾದಕ್ಕೆ ಕಟ್ಟಿದೆ. ಚೀಲ ಹಗುರಾಗಲೆಂದು ಬುತ್ತಿ ಬಿಚ್ಚಿ ಇಬ್ಬರೂ ರೊಟ್ಟಿ ಚಟ್ನಿ ತಿಂದೆವು. ಇಡೀ ಯಾತ್ರೆಯಲ್ಲಿ ಅದೇ ಒಳ್ಳೆಯ ಊಟ. "ಇನ್ನ ನೀ ಮುಂದ ನಡಿ" ಎಂದೆ. ಆಕೆ ಮುಂದೆ, ನಾನು ಹಿಂದೆ. ಆಕೆ ಕುಂಟಿದಲ್ಲಿ ನಾನು ನಿಲ್ಲುತ್ತಿದ್ದೆ, ನಾನು ನಿಂತಲ್ಲಿ ಆಕೆ ತಿರುಗಿ ನೋಡುತ್ತಿದ್ದಳು. ಏರಿನಲ್ಲಿ ಒಬ್ಬರನ್ನೊಬ್ಬರು ಎಳೆದುಕೊಂಡು, ಇಳಿವಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ಎಲ್ಲರಿಗಿಂತ ಕಡೆಯಲ್ಲಿ ಗುಡ್ಡ ಮುಟ್ಟಿದೆವು. ನಡೆದೇ ಮುಟ್ಟಿದೆವು. ಮಲ್ಲಯ್ಯನ ಮುಂದೆ ಆಕೆ ಕೈಮುಗಿದು ಅಳುತ್ತ ನಿಂತಾಗ ನಾನೂ ಅತ್ತೆ. ಆ ಅಳುವಿನಲ್ಲಿ ಮೊಣಕಾಲಿನ ಪಾಲೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಬಸ್ಸಿನಲ್ಲಿ ಊರಿಗೆ ಬಂದೆವು. ಈಗ ಮಗ್ಗ ಮತ್ತೆ ಖಟಕ್ ಖಟಕ್ ಎನ್ನುತ್ತಿದೆ, ಆದರೆ ನನ್ನ ಗೊಣಗಾಟ ನಿಂತಿದೆ. ಬಾಯಿಗೆ ಕೆಲಸವಿಲ್ಲದ್ದರಿಂದ ಕಣ್ಣಿಗೆ ಕೆಲಸ ಕೊಟ್ಟೆ. ಈರಪ್ಪನ ತುಟಿ ಓದುವವನಿಗೆ ಹೆಂಡತಿಯ ತುಟಿ ಓದಲು ಬಾರದೇ? ಮೊನ್ನೆ ಬೆಳಿಗ್ಗೆ ಆಕೆ ಕಂಡಿಕೆ ಸುತ್ತುತ್ತಿದ್ದಾಗ ಮೊದಲ ಸಲ ಗಮನವಿಟ್ಟು ನೋಡಿದೆ. ತುಟಿಗಳು ಒಂದೇ ಸಮನೆ ಅಲುಗುತ್ತಿದ್ದವು. ಅಂದರೆ ಈ ಮನೆಯಲ್ಲಿ ಗೊಣಗುವವನು ನಾನೊಬ್ಬನೇ ಅಲ್ಲ! ಮೈಯೆಲ್ಲ ಕಣ್ಣಾಗಿ ಓದಿದೆ: "ಬರೂ ವರ್ಷಾನೂ ಕರಕೊಂಡು ಹೋಗೂದ ಇವ್ರನ್ನ. ಮೊಣಕಾಲು ಸಡ್ಲ ಆಗ್ಯಾವು, ಹೊಟ್ಟೀನೂ ಕರಗಬೇಕು. ಆ ಸಲ ಮೊದಲಿಂದಾನ ಹಿಂದ ಹಾಕ್ಕೊಂಡು ನಡೀತೇನಿ."

ಓದಿಯೂ ಓದದವನ ಹಾಗೆ ಇರಬೇಕು, ಆಕೆ ಇಷ್ಟು ವರ್ಷ ಇದ್ದಳಲ್ಲ, ಅದೇ ದೊಡ್ಡತನ ಎಂದು ಹಲ್ಲು ಕಚ್ಚಿ ಕುಳಿತೆ. ಎಳೆ ಹರಿಯಿತು, ಜೋಡಿಸಿದೆ. ಮತ್ತೆ ಹರಿಯಿತು, ಮತ್ತೆ ಜೋಡಿಸಿದೆ. ಮದುವೆಯ ಮರುದಿನದಿಂದ ಆಕೆ ನುಂಗಿಕೊಂಡು ಬಂದಿದ್ದಳು. ನನ್ನಿಂದ ಊಟದ ಹೊತ್ತಿನವರೆಗೂ ಆಗಲಿಲ್ಲ, ಮಗ್ಗ ನಿಲ್ಲಿಸಿ ಎದ್ದು ಹೋಗಿ ಜಗಳ ತೆಗೆದೆ.